ಕಟ್ಟೋ ಮುಂಚೆ ಲೆಕ್ಕ: ಎರ್ಲಾಂಗ್

ರಾಯಚೂರಿನಲ್ಲಿ ಒಂದು ಸಹಾಯವಾಣಿ ಶುರು ಮಾಡ್ತೀವಿ ಅಂತಿಟ್ಟುಕೊಳ್ರಿ. ಫೋನ್ ಬರೋದು ಮಾನ್ವಿ, ದೇವದುರ್ಗದಿಂದ. ಎಷ್ಟು ಲೈನ್ ಬೇಕು? ಹಾಕಿ ನೋಡೋಣ ಅಂದ್ರೆ ದುಡ್ಡು ದಂಡ. ಇಂಥ ಪ್ರಶ್ನೆಗೆ ಕಾಗದದ ಮೇಲೇ ಉತ್ತರ ಕೊಟ್ಟವರು ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್.

1878ರಲ್ಲಿ ಹಳ್ಳಿ ಮೇಷ್ಟ್ರ ಮಗನಾಗಿ ಹುಟ್ಟಿದರು. ತಾವೂ ಕೆಲವು ವರ್ಷ ಪಾಠ ಮಾಡಿ, 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದರು. ಬರೀ ಕುರ್ಚಿ ಗಣಿತಜ್ಞರಲ್ಲ. ಅಳತೆ ತಗೊಳ್ಳೋಕೆ ಏಣಿ ಹೊತ್ತ ಕೆಲಸಗಾರನ ಜೊತೆ ಬೀದಿ ಸುತ್ತಿ ಮ್ಯಾನ್‌ಹೋಲ್‌ಗೆ ಇಳೀತಿದ್ರು. ಕರೆಗಳು ಪಾಯ್ಸಾನ್ ಹಂಚಿಕೆಯಂತೆ ಬರುತ್ತವೆ ಅಂತ 1909ರಲ್ಲಿ ತೋರಿಸಿದರು. ಲೈನ್ ಖಾಲಿಯಿಲ್ಲದೆ ಎಷ್ಟು ಕರೆ ತಪ್ಪಿಹೋಗುತ್ತವೆ ಅನ್ನೋ ಸೂತ್ರ ಬಂದದ್ದು 1917ರಲ್ಲಿ.

ಅದನ್ನ ನಮ್ಮ ಸಹಾಯವಾಣಿಗೆ ಹಾಕಿ ನೋಡ್ರಿ. ಒಂದೊಂದು ಊರಿಂದ ಸರಾಸರಿ 2 ಲೈನ್ ತುಂಬುವಷ್ಟು ಕರೆ. ಊರಿಗೆ 5ರಂತೆ ಬೇರೆ ಲೈನ್ ಇಟ್ಟರೆ 1000ಕ್ಕೆ ಸುಮಾರು 37 ಕರೆ ಖೋತಾ. ಅದೇ 10 ಲೈನ್ ಇಬ್ಬರಿಗೂ ಒಟ್ಟಿಗೆ ಬಿಟ್ಟರೆ ಸುಮಾರು 5! ಒಂದು ಲೈನೂ ಹೆಚ್ಚಿಗೆ ಹಾಕಿಲ್ಲ. ಸರ್ವರ್ ಡಿಸೈನ್‌ನಲ್ಲೂ ಶುರುವಿಗೇ ಇಂಥ ಲೆಕ್ಕ ಹಾಕ್ತಾರೆ (ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಮಾತ್ರ ಕೊನೇ ವಾರ).

ಎರ್ಲಾಂಗ್ ಮದುವೆಯಾಗಲಿಲ್ಲ. ಸುಮಾರು 20 ವರ್ಷ ಕಾಯಿಲೆ ರಜೆಯನ್ನೇ ಹಾಕದವರು 1929ರಲ್ಲಿ, 51ನೇ ವಯಸ್ಸಿಗೆ ತೀರಿಕೊಂಡರು. ಟೆಲಿಫೋನ್ ದಟ್ಟಣೆಯ ಮಾನಕ್ಕೆ 1946ರಲ್ಲಿ ಅವರದೇ ಹೆಸರಿಟ್ಟರು.