ಕೋಪವನ್ನು ಗೆದ್ದ ಕ್ರೀಡಾಪಟು: ರೇ ನಿಚ್ಕಿ

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಓಡಬೇಕು. ಇಲ್ಲವೇ ಮುಂದಿರುವ ಸಂಗಡಿಗನಿಗೆ ಎಸೆಯಬೇಕು. ತಡೆಯುವ ಪಕ್ಷದ ಮೊದಲ ಸಾಲಿನ ಹಿಂದೆ ನಿಂತು, ಅದನ್ನು ದಾಟಿ ಬಂದವನನ್ನು ನೆಲಕ್ಕೆ ಕೆಡಹುವವನೇ ಲೈನ್‌ಬ್ಯಾಕರ್. ಈ ಸ್ಥಾನದಲ್ಲಿ ಆಡಿ ಕೀರ್ತಿವಂತರಾದವರಲ್ಲಿ ರೇ ನಿಚ್ಕಿ ಒಬ್ಬನು.

ನಿಚ್ಕಿ ೧೯೩೬ನೆಯ ಡಿಸೆಂಬರ್ ೨೯ರಂದು ಇಲಿನಾಯ್ ರಾಜ್ಯದ ಎಲ್ಮ್‌ವುಡ್ ಪಾರ್ಕಿನಲ್ಲಿ ಜನಿಸಿದನು. ಮೂರು ವರ್ಷದವನಿದ್ದಾಗ ತಂದೆ ಅಪಘಾತದಲ್ಲಿ ತೀರಿಕೊಂಡನು. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯೂ ಇಲ್ಲವಾದಳು. ಸಾಕುವ ಭಾರ ಇಬ್ಬರು ಅಣ್ಣಂದಿರ ಮೇಲೆ ಬಿತ್ತು. ಅನಾಥನಾದೆನೆಂಬ ದುಃಖವು ಬಾಲಕನಲ್ಲಿ ಕೋಪವಾಗಿ ಪರಿಣಮಿಸಿತು. ಕಂಡವರೊಡನೆ ಹೊಡೆದಾಡುವುದು ಅವನ ಅಭ್ಯಾಸವಾಯಿತು.

ಶಾಲೆಯನ್ನು ಮುಗಿಸಿದಾಗ ಬೇಸ್‌ಬಾಲ್ ತಂಡವೊಂದು ೩,೦೦೦ ಡಾಲರು ಕೊಡಲು ಮುಂದಾಯಿತು. ಬಡ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಶಾಲೆಯ ತರಬೇತುದಾರನ ಮಾತನ್ನು ಮನ್ನಿಸಿ, ವಿದ್ಯಾರ್ಥಿವೇತನದ ಮೇಲೆ ಇಲಿನಾಯ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಚೆಂಡು ಹಿಡಿದು ಓಡುವ ಕೆಲಸವನ್ನೂ ತಡೆಯುವ ಕೆಲಸವನ್ನೂ ಕಲಿತನು. ಮುಖರಕ್ಷೆಯಿಲ್ಲದೆ ಆಡುತ್ತಿದ್ದ ಅವನು, ಓಹಾಯೋ ಸ್ಟೇಟ್ ತಂಡದ ವಿರುದ್ಧ ನಡೆದ ಪಂದ್ಯದಲ್ಲಿ ನಾಲ್ಕು ಮುಂದಿನ ಹಲ್ಲುಗಳನ್ನು ಕಳೆದುಕೊಂಡೂ ಆಟವನ್ನು ನಿಲ್ಲಿಸಲಿಲ್ಲ.

೧೯೫೮ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವನನ್ನು ಆರಿಸಿಕೊಂಡಿತು. ಆ ವರ್ಷ ಆಡಿದ ೧೨ ಪಂದ್ಯಗಳಲ್ಲಿ ಆ ತಂಡ ಗೆದ್ದುದು ಒಂದೇ ಒಂದು! ಮರುವರ್ಷ ವಿನ್ಸ್ ಲೊಂಬಾರ್ಡಿ ಎಂಬ ಕಟ್ಟುನಿಟ್ಟಿನ ಗುರು ಬಂದನು. ನಿಚ್ಕಿಗೆ ತಂಡದಲ್ಲಿ ಒಡನೆ ಸ್ಥಿರವಾದ ಸ್ಥಾನ ದೊರೆಯಲಿಲ್ಲ. ಅವನ ಕುಡಿತ, ಜಗಳಗಳು ಎಲ್ಲರಿಗೂ ಗೊತ್ತಿದ್ದುವು. ಅವನು ಹೀಗೆಯೇ ಹಾಳಾಗಿ ಹೋಗಬಹುದಾಗಿತ್ತು. ಆದರೆ ಗುರುವಿನ ಶಿಸ್ತು ಅವನನ್ನು ಹದಕ್ಕೆ ತಂದಿತು. ೧೯೬೧ರಲ್ಲಿ ಜ್ಯಾಕಿ ಎಂಬಾಕೆಯನ್ನು ಮದುವೆಯಾದ ಮೇಲೆ ಕುಡಿತವನ್ನು ಬಿಟ್ಟನು. ದಂಪತಿಗಳು ಮೂವರು ಮಕ್ಕಳನ್ನು ದತ್ತು ತೆಗೆದುಕೊಂಡರು. ತಂದೆತಾಯಿಗಳನ್ನು ಕಳೆದುಕೊಂಡ ಬಾಲಕನೇ ಈಗ ತಂದೆಯಾದನು.

೧೯೬೨ರ ಡಿಸೆಂಬರ್ ೩೦ರಂದು ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಕೊರೆಯುವ ಚಳಿಗಾಳಿಯ ನಡುವೆ ಅಂತಿಮ ಪಂದ್ಯ ನಡೆಯಿತು. ಎದುರಾಳಿಗಳ ಕೈಜಾರಿದ ಚೆಂಡನ್ನು ನಿಚ್ಕಿ ಎರಡು ಸಲ ವಶಪಡಿಸಿಕೊಂಡನು. ಪ್ಯಾಕರ್ಸ್ ೧೬–೭ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ಅವನಿಗೆ ಸಂದಿತು. ಅವನಿದ್ದ ಕಾಲದಲ್ಲಿ ತಂಡವು ಐದು ಬಾರಿ ರಾಷ್ಟ್ರೀಯ ಲೀಗಿನ ಪ್ರಶಸ್ತಿಯನ್ನು ಗಳಿಸಿತು. ಮೊದಲ ಎರಡು ಸೂಪರ್ ಬೌಲ್ ಪಂದ್ಯಗಳನ್ನೂ ಗೆದ್ದಿತು. ಹದಿನೈದು ಋತುಗಳನ್ನು ಒಂದೇ ತಂಡಕ್ಕಾಗಿ ಆಡಿ ೧೯೭೨ರಲ್ಲಿ ಕೊನೆಯ ಪಂದ್ಯವನ್ನಾಡಿದನು. ೧೯೭೮ರಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದನು.

ಮೈದಾನದಲ್ಲಿ ಎದುರಾಳಿಗಳನ್ನು ನಡುಗಿಸಿದ ಈತ ಮನೆಯಲ್ಲಿ ಕನ್ನಡಕ ಧರಿಸಿದ ಸೌಮ್ಯ ಗೃಹಸ್ಥ. ೧೯೯೮ನೆಯ ಮಾರ್ಚ್ ೮ರಂದು ಹೃದಯಾಘಾತದಿಂದ ನಿಧನಹೊಂದಿದಾಗ ಅವನಿಗೆ ೬೧ ವರ್ಷ.

ನಮ್ಮಲ್ಲಿಯೂ ಕೋಪವಿಲ್ಲದ ತರುಣರು ವಿರಳ. ನಿಚ್ಕಿಯ ಕೋಪವೂ ಅವನನ್ನು ಪೂರ್ಣವಾಗಿ ಬಿಟ್ಟುಹೋಗಲಿಲ್ಲ. ಅದನ್ನು ಅವನು ಮೈದಾನದ ಗೆರೆಯೊಳಗೆ ನಿಲ್ಲಿಸಲು ಕಲಿತನು. ಸಹಪಾಠಿಗಳು ನೆನೆಯಬೇಕಾದುದು ಅವನ ಆ ಗೆಲುವನ್ನು.