ಅನುಭವಕ್ಕಿಂತ ಅರಿವು ದೊಡ್ಡದೆಂದ ಹೊಳೆನರಸೀಪುರದ ಯತಿ

ಹಾಸನ: ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ 1953ರ ಮೇ ತಿಂಗಳಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೆಸ್ಕಲಿನ್ ಎಂಬ ಭ್ರಾಮಕ ದ್ರವ್ಯವನ್ನು ಸೇವಿಸಿ, ತಮಗಾದ ಅನುಭವವನ್ನು ಮರುವರ್ಷ ಪುಸ್ತಕವಾಗಿ ಪ್ರಕಟಿಸಿದರು. ಮನಸ್ಸಿನ ಸ್ಥಿತಿಯನ್ನು ಬದಲಿಸಿದರೆ ಪರಮ ಸತ್ಯ ಕಾಣುವುದೇ ಎಂಬ ಚರ್ಚೆ ಪಶ್ಚಿಮದಲ್ಲಿ ಕಾವೇರಿತು. ಅದೇ ವರ್ಷಗಳಲ್ಲಿ ಹೇಮಾವತಿ ತೀರದ ಹೊಳೆನರಸೀಪುರದಲ್ಲಿ ವೃದ್ಧ ಸಂನ್ಯಾಸಿಯೊಬ್ಬರು ಈ ಪ್ರಶ್ನೆಯ ಬೇರನ್ನೇ ಶೋಧಿಸುತ್ತಿದ್ದರು. ಅವರು ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿ. ಅವರ ವಿಷಯ ಶಾಂಕರ ವೇದಾಂತವೇ ಹೊರತು ಮದ್ದುಗಳಲ್ಲ. ಆದರೂ ಅವರ ವಿಚಾರ ಆ ಚರ್ಚೆಯ ಮರ್ಮವನ್ನು ಮುಟ್ಟುತ್ತದೆ.

ಕಡೂರು ತಾಲ್ಲೂಕಿನ ಯಲ್ಲಂಬಳಸೆಯ ಸುಬ್ಬರಾಯ ಶರ್ಮರು ಜನಿಸಿದ್ದು 1880ರಲ್ಲಿ. ಉಪಾಧ್ಯಾಯರಾಗಿದ್ದ ಅವರ ಚಿಂತನೆಗೆ ದಿಕ್ಕು ತೋರಿದವರಲ್ಲಿ ಕೆ.ಎ. ಕೃಷ್ಣಸ್ವಾಮಿ ಅಯ್ಯರ್ ಪ್ರಮುಖರು. ಶರ್ಮರು 1920ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು 1937ರಲ್ಲಿ ಹೊಳೆನರಸೀಪುರಕ್ಕೆ ಬಂದಿತು. 1948ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿದರು.

ಔಷಧಿಗಳಿಂದ ಅಸಾಮಾನ್ಯ ಸಿದ್ಧಿಗಳು ಲಭಿಸುತ್ತವೆ ಎಂಬ ಮಾತು ಭಾರತಕ್ಕೆ ಹೊಸದಲ್ಲ. ಪತಂಜಲಿಯ ಯೋಗಸೂತ್ರವು ಸಿದ್ಧಿಯ ಐದು ಮೂಲಗಳಲ್ಲಿ ಔಷಧಿಯನ್ನೂ ಸಮಾಧಿಯನ್ನೂ ಒಟ್ಟಿಗೇ ಎಣಿಸಿದೆ. ಆತ್ಮಜ್ಞಾನಕ್ಕೆ ಸಮಾಧಿಯ ವಿಶೇಷ ಅನುಭವವೂ ಅನಿವಾರ್ಯವಲ್ಲ, ಶಂಕರರ ಮಾರ್ಗ ಅದಲ್ಲ ಎಂಬುದು ಸ್ವಾಮಿಗಳ ನಿಲುವು. ಬಂದು ಹೋಗುವ ಯಾವ ಸ್ಥಿತಿಯೂ ನಿತ್ಯವಾದುದನ್ನು ಹೊಸದಾಗಿ ತಂದುಕೊಡಲಾರದು. ಎಚ್ಚರ, ಕನಸು, ಗಾಢನಿದ್ರೆ ಎಂಬ ಮೂರು ಅವಸ್ಥೆಗಳು ಎಲ್ಲರಿಗೂ ದಿನವೂ ಒದಗುತ್ತವೆ. ಅವನ್ನು ವಿಚಾರಿಸಿದರೆ ಸಾಕು. ಹಗ್ಗವನ್ನು ಹಾವೆಂದು ಭ್ರಮಿಸಿದವನಿಗೆ ಬೇಕಾದುದು ಬೆಳಕು, ಮತ್ತೊಂದು ಬೆರಗಿನ ನೋಟವಲ್ಲ.

ಈ ನಿಷ್ಠುರತೆಗೆ ಅವರು ಬೆಲೆ ತೆರಬೇಕಾಯಿತು. 1929ರ ‘ಮೂಲಾವಿದ್ಯಾನಿರಾಸ’ದಲ್ಲಿ ಅವರು ಜಗತ್ತಿಗೆ ಉಪಾದಾನವಾದ ಮೂಲ ಅವಿದ್ಯೆಯೊಂದಿದೆ ಎಂಬ ವ್ಯಾಖ್ಯಾನಕಾರರ ಮತವನ್ನು ಅಲ್ಲಗಳೆದರು. ಒಂದನ್ನು ಇನ್ನೊಂದೆಂದು ತಪ್ಪಾಗಿ ತಿಳಿಯುವುದೇ ಅವಿದ್ಯೆ ಎಂದು ವಾದಿಸಿದರು. ಸಾಂಪ್ರದಾಯಿಕ ಪಂಡಿತರ ತೀವ್ರ ವಿರೋಧ ಎದುರಾಯಿತು. ಅವರು ವಾದವನ್ನು ಕೈಬಿಡಲಿಲ್ಲ. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದು, ತೀರ್ಮಾನವನ್ನು ಸಾಮಾನ್ಯ ಓದುಗನ ವಿವೇಕಕ್ಕೂ ಒಪ್ಪಿಸಿದರು. ಕನ್ನಡ, ಸಂಸ್ಕೃತ, ಇಂಗ್ಲಿಷ್‌ಗಳಲ್ಲಿ ಅವರ ಕೃತಿಗಳ ಸಂಖ್ಯೆ ಇನ್ನೂರರ ಆಸುಪಾಸಿನಲ್ಲಿದೆ. 1964ರ ‘ವೇದಾಂತ ಪ್ರಕ್ರಿಯಾ ಪ್ರತ್ಯಭಿಜ್ಞಾ’ ಅವರ ಮೇರುಕೃತಿ, ಎ.ಜೆ. ಆಲ್‌ಸ್ಟನ್ ಅವರ ಅನುವಾದದ ಮೂಲಕ ಅದು ಇಂಗ್ಲಿಷ್ ಓದುಗರನ್ನು ತಲುಪಿತು.

1975ರ ಆಗಸ್ಟ್‌ನಲ್ಲಿ, ತೊಂಬತ್ತೈದರ ಇಳಿವಯಸ್ಸಿನಲ್ಲಿ, ಸ್ವಾಮಿಗಳು ದೇಹ ತ್ಯಜಿಸಿದರು. ಹತ್ತು ವರ್ಷಗಳ ಬಳಿಕ ಭಾರತವು 1985ರ ಕಾಯ್ದೆಯ ಮೂಲಕ ಮನೋಪರಿಣಾಮಕಾರಿ ದ್ರವ್ಯಗಳನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಿತು. ಇದೀಗ ಕೆಲವು ಅಣಬೆಗಳಲ್ಲಿರುವ ಸೈಲೊಸಿಬಿನ್ ಖಿನ್ನತೆಗೆ ಮದ್ದಾದೀತೇ ಎಂದು ವಿದೇಶಗಳ ವೈದ್ಯರು ಪರೀಕ್ಷಿಸುತ್ತಿದ್ದಾರೆ. ಅದು ರೋಗ ಶಮನದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದುದು ವೈದ್ಯಶಾಸ್ತ್ರ. ಅದ್ಭುತವಾಗಿ ಕಂಡದ್ದೆಲ್ಲ ಸತ್ಯವೇ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಬೆರೆಸದಿರುವ ವಿವೇಕವನ್ನು ಹೊಳೆನರಸೀಪುರದ ಯತಿ ಗ್ರಂಥಗಳಲ್ಲಿ ಉಳಿಸಿ ಹೋಗಿದ್ದಾರೆ.