ಕರಣಿಕ ಹರಿಹರದೇವರು

ಮಾದಿಹಳ್ಳಿಯ ಸುತ್ತಣ ಭಕ್ತರು ಹಳೆಯಬೀಡಿಗೆ ಹೋದಾಗ ಹೊಯ್ಸಳೇಶ್ವರನ ದರ್ಶನ ಮಾಡಿ, ಭಿತ್ತಿಯ ಶಿಲ್ಪಗಳನ್ನು ನೋಡಿ ಬರುವುದುಂಟು. ಅದೇ ಊರು ದೋರಸಮುದ್ರವೆಂಬ ರಾಜಧಾನಿಯಾಗಿದ್ದಾಗ, ಕ್ರಿ.ಶ. ೧೨೦೦ರ ಸುಮಾರಿಗೆ, ಶಿವಕವಿ ಹರಿಹರದೇವರು ಅಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದರೆಂಬುದನ್ನು ನೆನೆಯುವವರು ವಿರಳ.

ಅವರ ಊರು ಹಂಪೆ. ತಂದೆ ಮಹಾದೇವಭಟ್ಟರು, ತಾಯಿ ಶರ್ವಾಣಿ, ಗುರು ಮಾಯಿದೇವರು. ಹೊಯ್ಸಳ ನರಸಿಂಹನ ಆಸ್ಥಾನದಲ್ಲಿ ಕರಣಿಕರಾದರೆಂದು ಸಂಪ್ರದಾಯ; ಆ ನರಸಿಂಹನು ಒಂದನೆಯವನೋ ಎರಡನೆಯವನೋ ಎಂಬ ವಿದ್ವಾಂಸರ ಚರ್ಚೆ ನಮಗಿಲ್ಲಿ ಬೇಡ. ಕರಣಿಕನ ಕಾಯಕವೆಂದರೆ ಆಯವ್ಯಯದ ಸಾಲುಗಳು. ಅಲ್ಲಿ ಕಲ್ಪನೆಗೆ ಎಡೆಯಿಲ್ಲ, ಇರಲೂ ಬಾರದು. ಆದರೂ ಆ ಸಾಲುಗಳ ನಡುವೆಯೇ ಅವರ ಚಿತ್ತದಲ್ಲಿ ಪಂಪಾತೀರದ ವಿರೂಪಾಕ್ಷನಿಗೊಂದು ತಾವು ಸದಾ ತೆರವಾಗಿತ್ತು.

ಒಮ್ಮೆ ಕಡತವನ್ನು ಕೈಯಲ್ಲಿ ಹಿಡಿದಿದ್ದಾಗ, ಹಂಪೆಯ ಗುಡಿಯಲ್ಲಿ ಆರತಿಯ ಉರಿ ತೆರೆಗೆ ತಾಗಿದುದು ಅವರ ಒಳಗಣ್ಣಿಗೆ ಕಂಡಿತಂತೆ. ಕೂಡಲೆ ಆ ಕಡತವನ್ನೇ ಉಜ್ಜಿ ಬೆಂಕಿಯನ್ನಾರಿಸಿದರು. ಅರಸನು ವಿಚಾರಿಸಲು ಸಂಗತಿ ನಿಜವಾಗಿತ್ತೆಂದು ಭಕ್ತರು ಹೇಳುತ್ತ ಬಂದಿದ್ದಾರೆ. ಪವಾಡವಿರಲಿ, ನನಗೆ ಆ ಕೈಯ ಚಲನೆಯೇ ದೊಡ್ಡದೆನಿಸುತ್ತದೆ. ಮನಸ್ಸು ಕಂಡುದನ್ನು ಕೈ ಸಂದೇಹಿಸಲಿಲ್ಲ.

ಆ ಮೇಲೆ ಅವರು ದೋರಸಮುದ್ರವನ್ನು ಬಿಟ್ಟು ಹಂಪೆಗೆ ನಡೆದರು. ಅಲ್ಲಿಯ ದಿನಚರಿ ಪುಷ್ಪರಗಳೆಯಲ್ಲಿದೆ. ಬೆಳಗಾಗುವ ಮುನ್ನವೇ ಎದ್ದು, ಬುಟ್ಟಿ ಹಿಡಿದು ತೋಟಕ್ಕೆ ಹೋಗುವುದು. ಸಂಪಿಗೆ ಮಲ್ಲಿಗೆಗಳನ್ನು ಗೆಳತಿಯರೆಂಬಂತೆ ಮಾತನಾಡಿಸಿ, ಓಲೈಸಿ, ನೋಯದಂತೆ ಬಿಡಿಸಿಕೊಳ್ಳುವುದು. ಮಾಲೆ ಕಟ್ಟಿ ದೇವನಿಗೆ ಮುಡಿಸಿ ಕಣ್ತುಂಬ ನೋಡುವುದು. ಬಾಲಲೀಲೆಯಂತೆ ತೋರುವ ಈ ಆಟವೇ ಅವರ ಪೂಜೆ. ಪ್ರತಿಭೆಗೆ ವ್ಯುತ್ಪತ್ತಿ ಅಭ್ಯಾಸಗಳು ನೆರವೆಂದು ಆಲಂಕಾರಿಕರು ಹೇಳಿದರು. ಹೂವಿನೊಡನೆ ಕಳೆಯುವ ಮುಂಜಾವನ್ನು ಅವರು ಎಣಿಸಲಿಲ್ಲ! ಶರಣರ ಚರಿತೆಗಳು ರಗಳೆಯಾಗಿ ಹರಿದುದು ಇಂಥ ಮನಸ್ಸಿನಿಂದ. ಹಳೆಯ ಚಂಪೂಮಾರ್ಗವೂ ತಮಗೆ ಬಲ್ಲುದೆಂಬುದನ್ನು ಅವರು ಗಿರಿಜಾಕಲ್ಯಾಣದಲ್ಲಿ ತೋರಿದರು.

ಸಂಸಾರಿಗಳು ಕೆಲಸ ಬಿಟ್ಟು ಹಂಪೆಗೆ ಹೋಗಲಾದೀತೆ ಎಂದು ಯಾರಾದರೂ ಕೇಳಬಹುದು. ಹರಿಹರದೇವರು ಲೆಕ್ಕವನ್ನು ಹಳಿದವರಲ್ಲ. ಬಸವರಾಜದೇವರ ರಗಳೆಯಲ್ಲಿ ಬಿಜ್ಜಳನ ಭಂಡಾರದ ಲೆಕ್ಕದ ತಪ್ಪನ್ನು ಕಂಡುಹಿಡಿಯುವ ಬಸವಣ್ಣನವರನ್ನು ಎಷ್ಟು ಅಕ್ಕರೆಯಿಂದ ಚಿತ್ರಿಸಿದ್ದಾರೆ! ಕರಣಿಕನ ಬೆರಳಿನ ನೆನಪು ಅಲ್ಲಿದೆ.

ಆದರೆ ತಮಗೆ ದೊರೆತ ಎಡೆಯನ್ನು ಅವರು ಇನ್ನೊಬ್ಬರಿಗೆ ಕೊಟ್ಟರೇ? ಸೋದರಳಿಯ ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ರಚಿಸಿ ತಂದಾಗ, ನರಸ್ತುತಿ ಮಾಡಿದೆಯೆಂದು ಮುನಿದು ಹಾವುಗೆಯಿಂದ ಹೊಡೆದರೆಂದು ಪ್ರತೀತಿ. ಗುರುವಿನ ನಿಷ್ಠೆಯನ್ನು ಅಲ್ಲಗಳೆಯಲಾರೆ. ಆದರೂ ಪಾಠ ಹೇಳುವ ನನಗೆ ಆ ಪ್ರಸಂಗ ಬಂದಾಗಲೆಲ್ಲ ಮನಸ್ಸು ಶಿಷ್ಯನ ಕಡೆಗೇ ವಾಲುತ್ತದೆ. ರಾಘವಾಂಕನು ಗುರುವಾಕ್ಯಕ್ಕೆ ತಲೆಬಾಗಿ ಸೋಮನಾಥಚರಿತೆ, ಸಿದ್ಧರಾಮಚರಿತ್ರೆ ಮೊದಲಾದ ಶಿವಭಕ್ತರ ಚರಿತೆಗಳನ್ನು ಬರೆದನು. ಹರಿಶ್ಚಂದ್ರಕಾವ್ಯವೂ ಉಳಿಯಿತು, ಗಮಕಿಗಳು ಅದನ್ನು ಇಂದಿಗೂ ವಾಚಿಸುತ್ತಾರೆ.